ಹೊಳಪು ನೋಡಿ ಲೋಹ ಎನ್ನಬಹುದೇ? ಲೋಹ, ಅಲೋಹ, ಲೋಹಾಭಗಳ ಗಡಿಯ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಹತ್ತನೆಯ ತರಗತಿಯ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಲೋಹ ಮತ್ತು ಅಲೋಹಗಳ ಪಾಠವನ್ನು ಓದುತ್ತಿದ್ದೇನೆ. ಪಾಠದ ಆರಂಭದಲ್ಲಿಯೇ ಒಂದು ಕೋಷ್ಟಕವಿದೆ. ಅದರ ಒಂದು ಬದಿಯಲ್ಲಿ ಹೊಳಪು, ಕುಟ್ಯತೆ (ಬಡಿದರೆ ತಗಡಾಗುವ ಗುಣ), ತನ್ಯತೆ (ತಂತಿಯಾಗಿ ಎಳೆಯಬಹುದಾದ ಗುಣ), ಬಡಿದರೆ ಝಣತ್ಕಾರ, ಶಾಖ ಮತ್ತು ವಿದ್ಯುತ್ತಿನ ವಾಹಕತೆ, ಹೆಚ್ಚಿನ ಕರಗುವ ಬಿಂದು ಎಂಬ ಗುಣಗಳನ್ನು ಲೋಹಗಳಿಗೆ ಕೊಟ್ಟಿದ್ದಾರೆ. ಇನ್ನೊಂದು ಬದಿಯಲ್ಲಿ ಇವುಗಳಿಗೆ ವಿರುದ್ಧವಾದ ಗುಣಗಳನ್ನು ಅಲೋಹಗಳಿಗೆ ಕೊಟ್ಟಿದ್ದಾರೆ. ಇಷ್ಟನ್ನು ನೆನಪಿಡುವುದು ಕಷ್ಟವಲ್ಲ. ಆದರೆ ಕೋಷ್ಟಕ ಮುಗಿದ ಕೂಡಲೇ ಅಪವಾದಗಳು ಶುರುವಾಗುತ್ತವೆ. ಪಾದರಸ ದ್ರವ, ಸೋಡಿಯಂ ಚಾಕುವಿನಿಂದ ಕತ್ತರಿಸುವಷ್ಟು ಮೃದು, ಅಯೋಡಿನ್ ಅಲೋಹವಾದರೂ ಹೊಳೆಯುತ್ತದೆ, ಗ್ರಾಫೈಟ್ ಅಲೋಹವಾದರೂ ವಿದ್ಯುತ್ತನ್ನು ಹರಿಯಬಿಡುತ್ತದೆ, ವಜ್ರ ಯಾವ ಲೋಹಕ್ಕಿಂತಲೂ ಗಟ್ಟಿ. ಇಷ್ಟೊಂದು ಅಪವಾದಗಳಿದ್ದ ಮೇಲೆ ಒಂದು ಧಾತುವನ್ನು ಲೋಹವೆಂದೋ ಅಲೋಹವೆಂದೋ ತೀರ್ಮಾನಿಸುವುದು ಯಾವ ಆಧಾರದಿಂದ?

ಇದಕ್ಕಿಂತ ದೊಡ್ಡ ಗೊಂದಲ ಲೋಹಾಭಗಳದ್ದು. ಲೋಹ ಮತ್ತು ಅಲೋಹ ಎರಡರ ಗುಣಗಳನ್ನೂ ತೋರಿಸುವ ಧಾತುಗಳು ಲೋಹಾಭಗಳು ಎಂಬ ಒಂದೇ ವಾಕ್ಯದಲ್ಲಿ ಅದನ್ನು ಮುಗಿಸಿದ್ದಾರೆ. ಹಾಗಾದರೆ ಹೊಳಪೂ ಇರುವ, ಅಲೋಹವೂ ಆಗಿರುವ ಅಯೋಡಿನ್ ಏಕೆ ಲೋಹಾಭವಲ್ಲ? ಸಿಲಿಕಾನ್ ಏಕೆ ಲೋಹಾಭ? ದಯವಿಟ್ಟು ಕಾರಣಸಹಿತ ತಿಳಿಸಿ.

ಉತ್ತರ 1: ರಸಾಯನಶಾಸ್ತ್ರದ ಅಧ್ಯಾಪಕಿ

ನೀವು ಕೋಷ್ಟಕವನ್ನು ಅಪನಂಬಿಕೆಯಿಂದ ನೋಡಿರುವುದು ಸರಿಯಾಗಿಯೇ ಇದೆ. ಆ ಕೋಷ್ಟಕದಲ್ಲಿರುವುದು ಲೋಹದ ವ್ಯಾಖ್ಯೆಯಲ್ಲ. ಬಹುಪಾಲು ಲೋಹಗಳಲ್ಲಿ ಕಾಣುವ ಪರಿಣಾಮಗಳ ಪಟ್ಟಿ ಮಾತ್ರ. ಆ ಪರಿಣಾಮಗಳಿಗೆ ಕಾರಣವಾದದ್ದು ಪರಮಾಣು ತನ್ನ ಅತ್ಯಂತ ಹೊರಗಿನ ಕವಚದ ಎಲೆಕ್ಟ್ರಾನುಗಳನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದೆ ಎಂಬುದು.

ಲೋಹದ ತುಂಡೊಂದರಲ್ಲಿ ಪರಮಾಣುಗಳು ಕ್ರಮಬದ್ಧವಾಗಿ ಒತ್ತೊತ್ತಾಗಿ ಜೋಡಣೆಗೊಂಡಿರುತ್ತವೆ. ಅವುಗಳ ಹೊರಕವಚದ ಎಲೆಕ್ಟ್ರಾನುಗಳು ಯಾವೊಂದು ಪರಮಾಣುವಿಗೂ ಸೇರದೆ ಇಡೀ ತುಂಡಿನಲ್ಲಿ ಸಂಚರಿಸುತ್ತಿರುತ್ತವೆ. ಎರಡು ತುದಿಗಳಿಗೆ ಬ್ಯಾಟರಿ ಜೋಡಿಸಿದರೆ ಈ ಎಲೆಕ್ಟ್ರಾನುಗಳು ಒಂದು ದಿಕ್ಕಿಗೆ ಸರಿಯುತ್ತವೆ, ಅದೇ ವಿದ್ಯುತ್ಪ್ರವಾಹ. ಒಂದು ತುದಿಯನ್ನು ಕಾಯಿಸಿದರೆ ಶಾಖವನ್ನು ಬೇಗನೆ ಸಾಗಿಸುವುದೂ ಮುಖ್ಯವಾಗಿ ಇವೇ. ಮೇಲೆ ಬಿದ್ದ ಬೆಳಕಿಗೆ ಪ್ರತಿಸ್ಪಂದಿಸಿ ಅದರ ಹೆಚ್ಚಿನ ಭಾಗವನ್ನು ಹಿಂದಿರುಗಿಸುವುದರಿಂದ ಹೊಳಪು ಬರುತ್ತದೆ. ಸುತ್ತಿಗೆಯಿಂದ ಬಡಿದಾಗ ಪರಮಾಣುಗಳ ಒಂದು ಪದರ ಇನ್ನೊಂದರ ಮೇಲೆ ಜಾರುತ್ತದೆ. ಜಾರಿದ ನಂತರವೂ ಸುತ್ತಲಿನ ಎಲೆಕ್ಟ್ರಾನುಗಳು ಅವನ್ನು ಹಿಂದಿನಂತೆಯೇ ಹಿಡಿದಿಟ್ಟುಕೊಳ್ಳುವುದರಿಂದ ತುಂಡು ಒಡೆಯದೆ ತಗಡಾಗುತ್ತದೆ. ಹೀಗೆ ಕೋಷ್ಟಕದಲ್ಲಿ ಬಿಡಿಬಿಡಿಯಾಗಿ ಕಾಣುವ ನಾಲ್ಕೈದು ಗುಣಗಳು ವಾಸ್ತವದಲ್ಲಿ ಒಂದೇ ಬೇರಿನಿಂದ ಹುಟ್ಟಿದವು.

ಅಲೋಹಗಳ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವುದಿಲ್ಲ. ಅವು ನೆರೆಯ ಪರಮಾಣುವಿನೊಂದಿಗೆ ಜೋಡಿ ಜೋಡಿಯಾಗಿ ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುತ್ತವೆ, ಇಲ್ಲವೇ ಲೋಹದಿಂದ ಪಡೆದುಕೊಳ್ಳುತ್ತವೆ. ಆವರ್ತಕ ಕೋಷ್ಟಕದ ಮೂರನೆಯ ಆವರ್ತವನ್ನು, ಅಂದರೆ ಮೂರನೆಯ ಅಡ್ಡಸಾಲನ್ನು ಗಮನಿಸಿ. ಒಂದು ಮೋಲ್ ಸೋಡಿಯಂ ಪರಮಾಣುಗಳಿಂದ ತಲಾ ಒಂದು ಎಲೆಕ್ಟ್ರಾನನ್ನು ಕೀಳಲು 496 ಕಿಲೋಜೂಲ್ ಶಕ್ತಿ ಸಾಕು. ಸಿಲಿಕಾನ್‌ಗೆ 786, ಕ್ಲೋರಿನ್‌ಗೆ 1251 ಕಿಲೋಜೂಲ್ ಬೇಕು. ಏರಿಕೆಯಲ್ಲಿ ಅಲ್ಲಲ್ಲಿ ಸಣ್ಣ ತಗ್ಗುಗಳಿದ್ದರೂ ಒಟ್ಟು ಹಾದಿ ಏರುಮುಖವೇ. ಸೋಡಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ ಲೋಹಗಳಾಗಿಯೂ ರಂಜಕ, ಗಂಧಕ, ಕ್ಲೋರಿನ್, ಆರ್ಗಾನ್ ಅಲೋಹಗಳಾಗಿಯೂ ಇರುವುದು, ಅವುಗಳ ನಡುವೆ ಸಿಲಿಕಾನ್ ನಿಂತಿರುವುದು ಆಕಸ್ಮಿಕವಲ್ಲ.

ಈ ದೃಷ್ಟಿಯಿಂದ ನೋಡಿದರೆ ನಿಮ್ಮ ಅಪವಾದಗಳಲ್ಲಿ ಹೆಚ್ಚಿನವು ಅಪವಾದಗಳಾಗಿ ಉಳಿಯುವುದಿಲ್ಲ. ಸೋಡಿಯಂ ಪರಮಾಣು ದೊಡ್ಡದು, ಪ್ರತಿ ಪರಮಾಣುವಿನಿಂದ ಸಂಚರಿಸುವ ಎಲೆಕ್ಟ್ರಾನುಗಳ ಸಮೂಹಕ್ಕೆ ಸಿಗುವುದು ಒಂದೇ ಎಲೆಕ್ಟ್ರಾನ್. ಆದ್ದರಿಂದ ಬಂಧ ದುರ್ಬಲ, ಲೋಹ ಮೃದು, ಕರಗುವ ಬಿಂದು ಕೇವಲ 98 ಡಿಗ್ರಿ ಸೆಲ್ಸಿಯಸ್. ಪಾದರಸದ ಪರಮಾಣು ತನ್ನ ಹೊರಗಿನ ಎರಡು ಎಲೆಕ್ಟ್ರಾನುಗಳನ್ನು ಉಳಿದ ಲೋಹಗಳಿಗಿಂತ ಬಿಗಿಯಾಗಿ ಹಿಡಿದಿರುವುದರಿಂದ ಪರಮಾಣುಗಳ ನಡುವಿನ ಸೆಳೆತ ಕಡಿಮೆಯಾಗಿ ಅದು ಮೈನಸ್ 39 ಡಿಗ್ರಿಯವರೆಗೂ ದ್ರವವಾಗಿಯೇ ಇರುತ್ತದೆ. ಗ್ರಾಫೈಟಿನಲ್ಲಿ ಪ್ರತಿ ಇಂಗಾಲವೂ ಮೂರು ನೆರೆಯ ಪರಮಾಣುಗಳೊಂದಿಗೆ ಬಂಧ ಏರ್ಪಡಿಸಿಕೊಂಡು ನಾಲ್ಕನೆಯ ಎಲೆಕ್ಟ್ರಾನನ್ನು ಪದರದ ಉದ್ದಕ್ಕೂ ಓಡಾಡಲು ಬಿಟ್ಟಿರುತ್ತದೆ. ವಜ್ರದಲ್ಲಿ ನಾಲ್ಕೂ ಎಲೆಕ್ಟ್ರಾನುಗಳು ಬಂಧಗಳಲ್ಲಿ ತೊಡಗಿರುವುದರಿಂದ ಅದು ಅವಾಹಕ. ಆದರೆ ಅದೇ ವಜ್ರ ಶಾಖವನ್ನು ತಾಮ್ರಕ್ಕಿಂತ ಸುಮಾರು ಐದು ಪಟ್ಟು ಚೆನ್ನಾಗಿ ಸಾಗಿಸುತ್ತದೆ, ಅದೂ ಎಲೆಕ್ಟ್ರಾನುಗಳ ನೆರವಿಲ್ಲದೆ, ಬಿಗಿಯಾದ ಜಾಲದ ಕಂಪನಗಳ ಮೂಲಕ. ಅಲೋಹಗಳು ಶಾಖದ ದುರ್ಬಲ ವಾಹಕಗಳು ಎಂಬ ಸಾಲನ್ನು ನಾನು ಪಾಠದಲ್ಲಿ ಹೇಳುವಾಗ ಪ್ರತಿ ಸಲವೂ ವಜ್ರದ ಹೆಸರನ್ನು ಅದರ ಪಕ್ಕದಲ್ಲಿಯೇ ಬರೆಯುತ್ತೇನೆ.

ತೀರ್ಮಾನಕ್ಕೆ ಭೌತ ಗುಣಗಳಿಗಿಂತ ರಾಸಾಯನಿಕ ಗುಣ ಹೆಚ್ಚು ನಂಬಿಕೆಗೆ ಅರ್ಹ. ಮೆಗ್ನೀಸಿಯಂ ಪಟ್ಟಿಯನ್ನು ಉರಿಸಿ ದೊರೆತ ಬಿಳಿ ಬೂದಿಯನ್ನು ಬೆಚ್ಚಗಿನ ನೀರಿನಲ್ಲಿ ಕಲಕಿದರೆ ಕೆಂಪು ಲಿಟ್ಮಸ್ ನೀಲಿಯಾಗುತ್ತದೆ, ಅಂದರೆ ಆ ಆಕ್ಸೈಡ್ ಪ್ರತ್ಯಾಮ್ಲೀಯ. ಗಂಧಕವನ್ನು ಉರಿಸಿದಾಗ ಬರುವ ಅನಿಲಕ್ಕೆ ಒದ್ದೆಯಾದ ನೀಲಿ ಲಿಟ್ಮಸ್ ಹಿಡಿದರೆ ಅದು ಕೆಂಪಾಗುತ್ತದೆ, ಆ ಆಕ್ಸೈಡ್ ಆಮ್ಲೀಯ. ಅಯೋಡಿನ್ ಎಷ್ಟೇ ಹೊಳೆದರೂ ಲೋಹಗಳ ಜೊತೆ ಸೇರುವಾಗ ಎಲೆಕ್ಟ್ರಾನನ್ನು ಪಡೆದು ಅಯೋಡೈಡ್ ಆಗುತ್ತದೆ. ಅದರ ಹರಳು ಎರಡೆರಡು ಪರಮಾಣುಗಳ ಅಣುಗಳಿಂದಾದದ್ದು, ಸಾಮಾನ್ಯ ಸ್ಥಿತಿಯಲ್ಲಿ ವಿದ್ಯುತ್ತನ್ನು ಹರಿಯಲು ಬಿಡದು. ಹೊಳಪೊಂದನ್ನು ಬಿಟ್ಟರೆ ಲೋಹದ ಕಡೆಗೆ ಹೇಳಬಹುದಾದ ಸಾಕ್ಷ್ಯ ಅದರಲ್ಲಿ ಹೆಚ್ಚೇನೂ ಇಲ್ಲ. ಆದ್ದರಿಂದಲೇ ಅದನ್ನು ಲೋಹಾಭಗಳ ಸಾಲಿಗೆ ಸೇರಿಸುವುದಿಲ್ಲ.

ಉತ್ತರ 2: ಅರೆವಾಹಕ ಕ್ಷೇತ್ರದ ಎಂಜಿನಿಯರ್

ಮೇಲಿನ ಉತ್ತರದ ಬಹುಭಾಗವನ್ನು ಒಪ್ಪುತ್ತೇನೆ. ಆದರೆ ಆಕ್ಸೈಡಿನ ಪರೀಕ್ಷೆಯೊಂದೇ ಸಾಕು ಎಂಬ ಅರ್ಥ ಬಾರದಿರಲಿ. ಕ್ರೋಮಿಯಂ ಎಲ್ಲರೂ ಒಪ್ಪುವ ಲೋಹ. ಆದರೂ ಅದು ಆಮ್ಲಜನಕದೊಂದಿಗೆ ಸೇರಿ ಕೊಡುವ ಆಕ್ಸೈಡುಗಳಲ್ಲಿ ಅತಿ ಹೆಚ್ಚು ಆಮ್ಲಜನಕವಿರುವ ಆಕ್ಸೈಡ್ ಸ್ಪಷ್ಟವಾಗಿ ಆಮ್ಲೀಯ. ಇನ್ನೊಂದೆಡೆ ಕಾರ್ಬನ್ ಮಾನಾಕ್ಸೈಡ್ ಅಲೋಹದ ಆಕ್ಸೈಡಾದರೂ ತಟಸ್ಥ.

ಲೋಹಾಭಗಳ ವಿಷಯದಲ್ಲಿ ನನಗೆ ಹೆಚ್ಚು ಅರ್ಥಪೂರ್ಣವೆನಿಸುವ ಪ್ರಶ್ನೆ ವಿದ್ಯುತ್ ಹರಿಯುತ್ತದೆಯೇ ಎಂಬುದಲ್ಲ. ಬಿಸಿ ಮಾಡಿದರೆ ಹರಿವು ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ ಎಂಬುದು. ತಾಮ್ರದ ತಂತಿಯ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇಕಡ 0.4ರಷ್ಟು ಹೆಚ್ಚುತ್ತದೆ, ಏಕೆಂದರೆ ಹರಿಯುವ ಎಲೆಕ್ಟ್ರಾನುಗಳ ಸಂಖ್ಯೆ ಬದಲಾಗದೆ ಪರಮಾಣುಗಳ ನಡುಕ ಮಾತ್ರ ಹೆಚ್ಚಾಗಿ ಅವುಗಳ ದಾರಿಗೆ ಅಡ್ಡಿಯಾಗುತ್ತದೆ. ಶುದ್ಧ ಸಿಲಿಕಾನ್‌ನಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಅದರಲ್ಲಿ ಎಲ್ಲ ನಾಲ್ಕು ಎಲೆಕ್ಟ್ರಾನುಗಳೂ ವಜ್ರದಲ್ಲಿರುವಂತೆಯೇ ಬಂಧಗಳಲ್ಲಿ ಸಿಕ್ಕಿಕೊಂಡಿರುತ್ತವೆ. ವಜ್ರಕ್ಕೂ ಅದಕ್ಕೂ ಇರುವ ವ್ಯತ್ಯಾಸವೆಂದರೆ ಸಿಲಿಕಾನ್‌ನ ಬಂಧ ಅಷ್ಟು ಬಿಗಿಯಲ್ಲ. ಕೋಣೆಯ ಉಷ್ಣತೆಯಲ್ಲಿಯೇ ಕೆಲವು ಎಲೆಕ್ಟ್ರಾನುಗಳು ಬಂಧದಿಂದ ಬಿಡಿಸಿಕೊಳ್ಳುತ್ತವೆ, ಬಿಸಿ ಮಾಡಿದಷ್ಟೂ ಹೆಚ್ಚು ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ, ಆದ್ದರಿಂದ ವಾಹಕತೆಯೂ ಏರುತ್ತದೆ. ಹೀಗೆ ಏರಿದರೂ ಅದು ಲೋಹದ ಹತ್ತಿರ ಸುಳಿಯುವುದಿಲ್ಲ. ಕೋಣೆಯ ಉಷ್ಣತೆಯಲ್ಲಿ ಶುದ್ಧ ಸಿಲಿಕಾನ್‌ನ ರೋಧಶೀಲತೆ ತಾಮ್ರದ ರೋಧಶೀಲತೆಯ ಹತ್ತು ಸಾವಿರ ಕೋಟಿ ಪಟ್ಟಿಗೂ ಹೆಚ್ಚು.

ಇನ್ನೊಂದು ವ್ಯತ್ಯಾಸ ಶಾಲೆಯ ಪುಸ್ತಕಗಳಲ್ಲಿ ಅಪರೂಪವಾಗಿ ಕಾಣುತ್ತದೆ, ಆದರೆ ಇಂದಿನ ಎಲೆಕ್ಟ್ರಾನಿಕ್ಸ್ ನಿಂತಿರುವುದೇ ಅದರ ಮೇಲೆ. ತಾಮ್ರಕ್ಕೆ ಸ್ವಲ್ಪ ರಂಜಕ ಬೆರೆತರೆ ಅದರ ವಾಹಕತೆ ಕುಗ್ಗುತ್ತದೆ. ಸಿಲಿಕಾನ್‌ನಲ್ಲಿ ಒಂದು ಕೋಟಿ ಪರಮಾಣುಗಳಿಗೆ ಒಂದರಂತೆ ರಂಜಕದ ಪರಮಾಣುಗಳನ್ನು ಸೇರಿಸಿದರೆ ವಾಹಕತೆ ಲಕ್ಷಕ್ಕೂ ಹೆಚ್ಚು ಪಟ್ಟು ಹೆಚ್ಚುತ್ತದೆ. ರಂಜಕದ ಐದು ಹೊರ ಎಲೆಕ್ಟ್ರಾನುಗಳಲ್ಲಿ ನಾಲ್ಕು ಬಂಧಗಳಿಗೆ ಖರ್ಚಾಗಿ ಐದನೆಯದು ಹೆಚ್ಚುವರಿಯಾಗಿ ಉಳಿದು ಸಂಚರಿಸುತ್ತದೆ. ಮೂರೇ ಹೊರ ಎಲೆಕ್ಟ್ರಾನುಗಳಿರುವ ಬೋರಾನನ್ನು ಬೆರೆಸಿದರೆ ಬಂಧದಲ್ಲಿ ಒಂದು ಸ್ಥಾನ ಖಾಲಿ ಉಳಿಯುತ್ತದೆ, ಆ ಖಾಲಿ ಸ್ಥಾನವೇ ಪರಮಾಣುವಿನಿಂದ ಪರಮಾಣುವಿಗೆ ಸರಿಯುತ್ತಾ ವಿದ್ಯುತ್ತನ್ನು ಒಯ್ಯುತ್ತದೆ.

ಜರ್ಮೇನಿಯಂನ ಕಥೆ ಈ ಕಾರಣಕ್ಕಾಗಿಯೇ ನನಗೆ ಇಷ್ಟ. ಆವರ್ತಕ ಕೋಷ್ಟಕದಲ್ಲಿ ಸಿಲಿಕಾನ್‌ನ ಕೆಳಗೆ ಖಾಲಿಯಿದ್ದ ಮನೆಯನ್ನು ನೋಡಿ ರಷ್ಯಾದ ರಸಾಯನಶಾಸ್ತ್ರಜ್ಞ ಮೆಂಡಲೀವ್ 1871ರಲ್ಲಿ ಸುಮಾರು 72 ಪರಮಾಣು ರಾಶಿಯ, 5.5 ಸಾಂದ್ರತೆಯ ಧಾತುವೊಂದು ಇರಲೇಬೇಕೆಂದು ಹೇಳಿದ್ದರು. 1886ರಲ್ಲಿ ಜರ್ಮನಿಯ ಕ್ಲೆಮೆನ್ಸ್ ವಿಂಕ್ಲರ್ ಅದನ್ನು ಬೇರ್ಪಡಿಸಿದರು. ಇಂದಿನ ಅಳತೆಯಂತೆ ಅದರ ಪರಮಾಣು ರಾಶಿ 72.6, ಸಾಂದ್ರತೆ 5.3. ಆದರೆ ಅದನ್ನು 1930ರ ದಶಕದ ಕೊನೆಯವರೆಗೂ ವಿದ್ಯುತ್ತನ್ನು ಅಷ್ಟಾಗಿ ಸಾಗಿಸದ ಒಂದು ಲೋಹವೆಂದೇ ಭಾವಿಸಲಾಗಿತ್ತು! ಸಾಕಷ್ಟು ಶುದ್ಧ ಮಾದರಿಗಳು ದೊರೆತು, ಅದರ ಅರೆವಾಹಕ ಗುಣದ (ಸಿಲಿಕಾನ್‌ನಂತೆ ವಾಹಕ ಮತ್ತು ಅವಾಹಕಗಳ ನಡುವೆ ನಿಲ್ಲುವ ಗುಣದ) ಮಹತ್ವ ತಿಳಿದ ಮೇಲೆ 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಮೊದಲ ಟ್ರಾನ್ಸಿಸ್ಟರ್ ತಯಾರಾದದ್ದು ಇದೇ ಜರ್ಮೇನಿಯಂನಿಂದ.

ಉತ್ತರ 3: ಪ್ರಯೋಗಾಲಯ ಸಹಾಯಕ

ಉಷ್ಣತೆಯ ವಿಷಯ ಬಂದದ್ದರಿಂದ ಶಾಲೆಯಲ್ಲಿಯೇ ತೋರಿಸಬಹುದಾದ ಒಂದು ಪ್ರಯೋಗವನ್ನು ಹೇಳುತ್ತೇನೆ. ತೆಳುವಾದ ಕಬ್ಬಿಣದ ತಂತಿಯನ್ನು ಸುರುಳಿಯಾಗಿ ಸುತ್ತಿ, ಒಂದು ಬ್ಯಾಟರಿ ಮತ್ತು ಟಾರ್ಚಿನ ಸಣ್ಣ ಬಲ್ಬಿನೊಂದಿಗೆ ಸರಣಿಯಲ್ಲಿ ಜೋಡಿಸಬೇಕು. ಬಲ್ಬು ಹತ್ತಿದ ಮೇಲೆ ಸುರುಳಿಯ ಕೆಳಗೆ ಬರ್ನರ್ ಹಿಡಿದರೆ ತಂತಿ ಕೆಂಪಗಾಗುತ್ತಾ ಬಂದಂತೆ ಬಲ್ಬಿನ ಬೆಳಕು ಕಂದುತ್ತದೆ, ಬರ್ನರ್ ತೆಗೆದರೆ ಮತ್ತೆ ಹಿಂದಿನ ಪ್ರಕಾಶಕ್ಕೆ ಬರುತ್ತದೆ. ಇದನ್ನು ಶಿಕ್ಷಕರ ಎದುರಿನಲ್ಲಿಯೇ ಮಾಡಬೇಕು.

ಸೋಡಿಯಂ ಹೊಳೆಯುವುದೇ ಇಲ್ಲವಲ್ಲ ಎಂದು ಹಲವು ವಿದ್ಯಾರ್ಥಿಗಳು ಕೇಳುತ್ತಾರೆ. ಸೀಮೆಎಣ್ಣೆಯಿಂದ ಇಕ್ಕಳದಲ್ಲಿ ಎತ್ತಿದ ತುಂಡಿನ ಮೇಲೆ ಬೂದುಬಿಳಿ ಹೊರಪದರವಿರುತ್ತದೆ, ಅದನ್ನು ಕಂಡು ಯಾರೂ ಲೋಹವೆನ್ನಲಾರರು. ಸೋಸುಕಾಗದದಿಂದ ಎಣ್ಣೆಯನ್ನು ಒತ್ತಿ ತೆಗೆದು ಚಾಕುವಿನಿಂದ ಕತ್ತರಿಸಿದಾಗ ಒಳಮೈ ಬೆಳ್ಳಿಯಂತೆ ಫಳಫಳ ಹೊಳೆಯುತ್ತದೆ. ನೋಡುತ್ತಿದ್ದಂತೆಯೇ ಕತ್ತರಿಸಿದ ಅಂಚಿನಿಂದ ಮಂಕು ಆವರಿಸುತ್ತಾ ಬಂದು ಸ್ವಲ್ಪ ಹೊತ್ತಿಗೆ ಹೊಳಪು ಪೂರ್ತಿ ಮಾಯವಾಗುತ್ತದೆ. ಆದ್ದರಿಂದ ಹೊಳಪನ್ನು ಪರೀಕ್ಷಿಸುವಾಗ ಹೊಸದಾಗಿ ಕತ್ತರಿಸಿದ ಅಥವಾ ಮರಳುಕಾಗದದಿಂದ ಉಜ್ಜಿದ ಮೇಲ್ಮೈಯನ್ನೇ ನೋಡಬೇಕು.

ಸಿಲಿಕಾನ್‌ನ ತುಂಡು ಸಿಕ್ಕರೆ ಅದನ್ನು ಕೈಯಲ್ಲಿ ಹಿಡಿದು ನೋಡಿ. ನೀಲಿಛಾಯೆಯ ಬೂದು ಬಣ್ಣ, ಉಕ್ಕನ್ನು ನೆನಪಿಸುವ ಹೊಳಪು. ಆದರೆ ಕೈಗೆ ಹಗುರ, ಅದರ ಸಾಂದ್ರತೆ 2.33 ಮಾತ್ರ. ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ರಕ್ಷಣೆಯ ಕನ್ನಡಕ ಧರಿಸಿ ಸುತ್ತಿಗೆಯಿಂದ ಬಡಿದರೆ ತಗಡಾಗದೆ ಗಾಜಿನಂತೆ ಚೂಪಾದ ಚೂರುಗಳಾಗುತ್ತದೆ. ಕಣ್ಣು ಲೋಹವೆಂದದ್ದನ್ನು ಸುತ್ತಿಗೆ ಒಪ್ಪುವುದಿಲ್ಲ.

ಮರುಪ್ರಶ್ನೆ: ಹತ್ತನೆಯ ತರಗತಿಯ ವಿದ್ಯಾರ್ಥಿನಿ

ಎಲ್ಲರಿಗೂ ಧನ್ಯವಾದಗಳು. ಈಗ ಸಿಲಿಕಾನ್ ಬಹಳಮಟ್ಟಿಗೆ ಸ್ಪಷ್ಟವಾಯಿತು. ಇನ್ನೆರಡು ಸಂದೇಹಗಳಿವೆ. ಅಲ್ಯೂಮಿನಿಯಂ ಆಕ್ಸೈಡ್ ಆಮ್ಲದೊಂದಿಗೂ ಪ್ರತ್ಯಾಮ್ಲದೊಂದಿಗೂ ವರ್ತಿಸುವ ಉಭಯಧರ್ಮಿ ಆಕ್ಸೈಡ್ ಎಂದು ಓದಿದ್ದೇನೆ. ಹಾಗಿದ್ದರೆ ಅಲ್ಯೂಮಿನಿಯಂ ಕೂಡ ಲೋಹಾಭವಾಗಬೇಕಲ್ಲವೇ? ಎರಡನೆಯದಾಗಿ, ಬಿಸಿ ಮಾಡಿದಾಗ ವಾಹಕತೆ ಹೆಚ್ಚುವುದು ಎಲ್ಲ ಲೋಹಾಭಗಳಿಗೂ ಅನ್ವಯಿಸುತ್ತದೆಯೇ?

ಉತ್ತರ 4: ಅರೆವಾಹಕ ಕ್ಷೇತ್ರದ ಎಂಜಿನಿಯರ್

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ಇಲ್ಲ. ಬೋರಾನ್, ಸಿಲಿಕಾನ್, ಜರ್ಮೇನಿಯಂ, ಟೆಲ್ಯೂರಿಯಂ ಅರೆವಾಹಕಗಳು. ಆರ್ಸೆನಿಕ್ ಮತ್ತು ಆಂಟಿಮನಿ ಹಾಗಲ್ಲ. ಅವುಗಳ ಸಾಮಾನ್ಯವಾದ ಬೂದು ರೂಪ ತಾಮ್ರದ ಇಪ್ಪತ್ತನೆಯ ಒಂದು ಭಾಗದ ಆಸುಪಾಸಿನಲ್ಲಿ ವಿದ್ಯುತ್ತನ್ನು ಸಾಗಿಸುತ್ತದೆ, ಬಿಸಿ ಮಾಡಿದರೆ ಲೋಹಗಳಂತೆಯೇ ಅವುಗಳ ವಾಹಕತೆ ಇಳಿಯುತ್ತದೆ. ಆದರೂ ಎರಡೂ ಪೆಡಸು, ಬಡಿದರೆ ಪುಡಿಯಾಗುತ್ತವೆ. ಆರ್ಸೆನಿಕ್ ಅಂತೂ ಸಾಮಾನ್ಯ ಒತ್ತಡದಲ್ಲಿ ಕರಗದೆ ಸುಮಾರು 615 ಡಿಗ್ರಿಯಲ್ಲಿ ನೇರವಾಗಿ ಆವಿಯಾಗುತ್ತದೆ. ಇವುಗಳ ವಿಷಯದಲ್ಲಿ ಬಲ್ಬು ಲೋಹವೆನ್ನುತ್ತದೆ, ಸುತ್ತಿಗೆ ಅಲ್ಲವೆನ್ನುತ್ತದೆ. ಸಿಲಿಕಾನ್‌ನಲ್ಲಿ ಕಣ್ಣಿಗೂ ಸುತ್ತಿಗೆಗೂ ಇದೇ ಬಗೆಯ ಭಿನ್ನಾಭಿಪ್ರಾಯವಿತ್ತು. ನನ್ನ ದೃಷ್ಟಿಯಲ್ಲಿ ಲೋಹಾಭಗಳನ್ನು ಒಂದುಗೂಡಿಸುವುದು ಒಂದು ನಿರ್ದಿಷ್ಟ ಗುಣವಲ್ಲ. ಹೊಳಪು, ವಾಹಕತೆ, ಪೆಡಸುತನ, ಆಕ್ಸೈಡು ಎಂಬ ಮುಖ್ಯ ಪರೀಕ್ಷೆಗಳು ಪರಸ್ಪರ ಹೊಂದಿಕೆಯಾಗದ ಉತ್ತರ ಕೊಡುವುದೇ ಅವುಗಳ ಲಕ್ಷಣ.

ಇದೇ ಮಾತಿಗೆ ಸೇರಿದ ಮತ್ತೊಂದು ಸಂಗತಿ ತವರದ್ದು. ನಾವು ಬಳಸುವ ಬಿಳಿ ತವರ ಎಲ್ಲ ರೀತಿಯಲ್ಲೂ ಲೋಹ. ಸುಮಾರು 13 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಸ್ಥಿರವಾದ ರೂಪ ಮಾತ್ರ ಬೂದು ತವರ. ಶುದ್ಧ ತವರವನ್ನು ಬಹುಕಾಲ ತೀವ್ರ ಚಳಿಯಲ್ಲಿಟ್ಟರೆ ಅದು ನಿಧಾನವಾಗಿ ಈ ರೂಪಕ್ಕೆ ತಿರುಗಿ ಉಬ್ಬಿ ಪುಡಿಯಾಗುತ್ತದೆ. ಬೂದು ತವರದ ಪರಮಾಣುಗಳ ಜೋಡಣೆ ವಜ್ರ ಮತ್ತು ಸಿಲಿಕಾನ್‌ನ ಜೋಡಣೆಯಂತೆಯೇ ಇದೆ. ಆವರ್ತಕ ಕೋಷ್ಟಕದ ಹದಿನಾಲ್ಕನೆಯ ಗುಂಪಿನಲ್ಲಿ (ಕಂಬಸಾಲಿನಲ್ಲಿ) ಇಂಗಾಲ ಅಲೋಹ, ಸಿಲಿಕಾನ್ ಮತ್ತು ಜರ್ಮೇನಿಯಂ ಲೋಹಾಭ, ತವರ ಮತ್ತು ಸೀಸ ಲೋಹ ಎಂದು ಗೆರೆ ಎಳೆಯುತ್ತೇವಲ್ಲ, ಆ ಗೆರೆಯ ಪಕ್ಕದಲ್ಲೇ ಇರುವ ಧಾತು ಚಳಿಯಲ್ಲಿ ಅದನ್ನು ದಾಟಿಬಿಡುತ್ತದೆ.

ಉತ್ತರ 5: ರಸಾಯನಶಾಸ್ತ್ರದ ಅಧ್ಯಾಪಕಿ

ಅಲ್ಯೂಮಿನಿಯಂ ಲೋಹವೇ. ಉಭಯಧರ್ಮಿ ಆಕ್ಸೈಡ್ ಎಂಬ ಒಂದೇ ಸಾಕ್ಷ್ಯ ಅದರ ವಿರುದ್ಧವಿದೆ. ಅದು ತೆಳ್ಳನೆಯ ಹಾಳೆಯಾಗುತ್ತದೆ, ತಂತಿಯಾಗುತ್ತದೆ, ವಿದ್ಯುತ್ತನ್ನು ಬಹಳ ಚೆನ್ನಾಗಿ ಸಾಗಿಸುತ್ತದೆ, ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದೊಂದಿಗೆ ಜಲಜನಕವನ್ನು ಬಿಡುಗಡೆ ಮಾಡುತ್ತದೆ. ಸತು, ತವರ, ಸೀಸಗಳ ಆಕ್ಸೈಡುಗಳೂ ಉಭಯಧರ್ಮಿಗಳೇ, ಅವುಗಳನ್ನು ಯಾರೂ ಲೋಹಾಭವೆನ್ನುವುದಿಲ್ಲ. ಗಡಿಯ ಹತ್ತಿರ ಇರುವುದರಿಂದ ಅವುಗಳ ಆಕ್ಸೈಡಿನಲ್ಲಿ ಅಲೋಹದ ಛಾಯೆ ಸ್ವಲ್ಪ ಕಾಣಿಸುತ್ತದೆ ಎಂದಷ್ಟೇ ತಿಳಿಯಿರಿ.

ಯಾವ ಧಾತುಗಳನ್ನು ಲೋಹಾಭಗಳ ಪಟ್ಟಿಯಲ್ಲಿ ಬರೆಯಬೇಕು ಎಂಬುದೂ ಮುಂದೆ ನಿಮಗೆ ಎದುರಾಗಬಹುದು. ಬೋರಾನ್, ಸಿಲಿಕಾನ್, ಜರ್ಮೇನಿಯಂ, ಆರ್ಸೆನಿಕ್, ಆಂಟಿಮನಿ, ಟೆಲ್ಯೂರಿಯಂ ಎಂಬ ಆರು ಹೆಸರುಗಳನ್ನು ಸಾಮಾನ್ಯವಾಗಿ ಎಲ್ಲರೂ ಒಪ್ಪುತ್ತಾರೆ. ಪೊಲೋನಿಯಂ ಮತ್ತು ಅಸ್ಟಟೀನನ್ನು ಕೆಲವು ಪುಸ್ತಕಗಳು ಸೇರಿಸುತ್ತವೆ, ಕೆಲವು ಬಿಡುತ್ತವೆ. ನಿಮ್ಮ ಪಠ್ಯಪುಸ್ತಕ ಕೊಟ್ಟಿರುವ ಪಟ್ಟಿಯನ್ನೇ ಪರೀಕ್ಷೆಯಲ್ಲಿ ಬರೆಯುವುದು ಕ್ಷೇಮ.

ಸಿಲಿಕಾನ್ ಏಕೆ ಲೋಹಾಭ ಎಂದು ಕೇಳಿದರೆ, ಎರಡರ ಗುಣಗಳೂ ಇವೆ ಎಂದು ಬರೆದು ನಿಲ್ಲಿಸಬೇಡಿ. ಸಿಲಿಕಾನ್‌ಗೆ ಲೋಹದಂತಹ ಹೊಳಪಿದೆ, ಆದರೆ ಅದು ಪೆಡಸಾಗಿದ್ದು ಬಡಿದರೆ ಒಡೆಯುತ್ತದೆ. ಅದರ ವಾಹಕತೆ ಲೋಹಗಳಿಗಿಂತ ಬಹಳ ಕಡಿಮೆ, ಅವಾಹಕಗಳಿಗಿಂತ ಬಹಳ ಹೆಚ್ಚು, ಮತ್ತು ಉಷ್ಣತೆಯೊಂದಿಗೆ ಏರುತ್ತದೆ. ಅದರ ಆಕ್ಸೈಡ್ ಅಲೋಹಗಳ ಆಕ್ಸೈಡಿನಂತೆ ಆಮ್ಲೀಯವಾಗಿದ್ದು ಪ್ರಬಲ ಕ್ಷಾರದೊಂದಿಗೆ ಸೇರಿ ಸಿಲಿಕೇಟ್ ಕೊಡುತ್ತದೆ ಎಂದು ಬರೆಯಿರಿ. ಮೂರು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಸಿಲಿಕಾನ್ ಡೈಆಕ್ಸೈಡ್ ನೀರಿನಲ್ಲಿ ಕರಗದ ಕಾರಣ ಲಿಟ್ಮಸ್ಸಿನಿಂದ ಇದನ್ನು ತೋರಿಸಲಾಗುವುದಿಲ್ಲ ಎಂಬುದನ್ನು ಮಾತ್ರ ಗಮನದಲ್ಲಿಡಿ. ಲಿಟ್ಮಸ್ ಕೆಂಪಾಗುತ್ತದೆ ಎಂದು ಬರೆದರೆ ಆ ಅಂಕ ಹೋಗುತ್ತದೆ.